ಎಟಿವಿ: ಕೆಲವು ವರ್ಷ ಓಡಿಸಿದ ಮೇಲೆ ಹೇಳುವುದಾದರೆ, ಸಿಸಿಗಿಂತ ಸೀಟು ಮುಖ್ಯ

ನಾಲ್ಕು ಚಕ್ರ ಇದೆ, ಇನ್ನೇನು ಬೀಳುತ್ತೆ ಅಂತ ಹೊಸದಾಗಿ ಎಟಿವಿ (ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಕಚ್ಚಾ ದಾರಿಯಲ್ಲಿ ಓಡಿಸುವ ಗಾಡಿ) ಹತ್ತುವವರು ಅಂದುಕೊಳ್ಳುತ್ತಾರೆ. ನಿಂತಿರುವಾಗ ಅದು ನಿಜ. ಓಡುವಾಗ ಲೆಕ್ಕವೇ ಬೇರೆ. ಗಾಡಿಯ ಅಗಲ ಕಡಿಮೆ, ನೆಲದಿಂದ ಎತ್ತರ ಜಾಸ್ತಿ, ಮೇಲೆ ಕೂತವರ ಭಾರ ಇನ್ನೂ ಎತ್ತರದಲ್ಲಿ. ಮಗುಚಿದರೆ ಮುನ್ನೂರು ಕಿಲೋ ಹತ್ತಿರದ ಗಾಡಿ ನಮ್ಮ ಮೇಲೇ ಬರಬಹುದು.

ನನ್ನ ಹತ್ತಿರ ಇರುವುದು ಮಧ್ಯಮ ಗಾತ್ರದ, ಎಂಜಿನ್ ಶಕ್ತಿ ಬೆಲ್ಟ್ ಮೂಲಕ ಚಕ್ರಕ್ಕೆ ಹೋಗುವ ಆಟೊಮ್ಯಾಟಿಕ್ ಮಾದರಿ. ಮಣ್ಣು, ಕಲ್ಲು, ಕೆಸರು ಎಲ್ಲ ಇರುವ ಟ್ರೇಲ್‌ಗಳಲ್ಲಿ ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಯಾವುದು ತಗೊಳ್ಳಲಿ ಅಂತ ಕೇಳುವವರು ಮೊದಲು ಎಂಜಿನ್ ವಿಷಯ ಎತ್ತುತ್ತಾರೆ. ನಾನು ಮೊದಲು ಹೇಳುವುದು ಸೀಟು ಮತ್ತು ಕಾಲಿಡುವ ಜಾಗದ ಬಗ್ಗೆ.

ಯಾಕೆ ಅಂದರೆ, ಈ ಗಾಡಿಯನ್ನು ಹ್ಯಾಂಡಲ್ ಒಂದರಿಂದಲೇ ಓಡಿಸಲು ಆಗುವುದಿಲ್ಲ. ಬಹಳಷ್ಟು ಎಟಿವಿಗಳಲ್ಲಿ ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತುತ್ತವೆ. ತಿರುವಿನಲ್ಲಿ ಒಳಗಿನ ಚಕ್ರಕ್ಕೆ ಕಡಿಮೆ ದೂರ, ಹೊರಗಿನದಕ್ಕೆ ಜಾಸ್ತಿ ದೂರ. ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗಲು ನೋಡುತ್ತದೆ. ಮೈಯನ್ನು ಸ್ವಲ್ಪ ಮುಂದಕ್ಕೆ, ತಿರುವಿನ ಒಳಗಡೆಗೆ ತಂದರೆ ಮಾತು ಕೇಳುತ್ತದೆ. ಏರು ಹತ್ತುವಾಗ ಭಾರ ಮುಂದೆ, ಇಳಿಯುವಾಗ ಹಿಂದೆ. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಮೇಲ್ಗಡೆಗೆ ವಾಲಬೇಕು. ಸೀಟು ಉದ್ದ ಇರುವುದು ಈ ಸರಿದಾಟಕ್ಕೆ, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳಲಿ ಅಂತಲ್ಲ. ಇಬ್ಬರಿಗೆಂದೇ ಮಾಡಿದ ಮಾದರಿ ಬೇರೆ ಇದೆ. ಒಬ್ಬರ ಗಾಡಿಯಲ್ಲಿ ಹಿಂದೆ ಒಬ್ಬರು ಕೂತರೆ ಓಡಿಸುವವರು ಅಲ್ಲಾಡುವ ಹಾಗೇ ಇಲ್ಲ.

ನನ್ನ ಗಾಡಿ ಈ ವಿಷಯದಲ್ಲಿ ಚೆನ್ನಾಗಿದೆ. ಎದ್ದು ನಿಂತರೂ ಮೊಣಕಾಲು ಎಲ್ಲೂ ತಾಗುವುದಿಲ್ಲ, ಪಾದದ ಕೆಳಗಿನ ಹಲ್ಲುಗಳು ಕೆಸರಿನಲ್ಲೂ ಬೂಟನ್ನು ಹಿಡಿಯುತ್ತವೆ. ಅಂಗಡಿಯಲ್ಲಿ ಸುಮ್ನೆ ಕೂತು ನೋಡಿದರೆ ಇದು ಗೊತ್ತಾಗುವುದಿಲ್ಲ. ನಿಂತು ನೋಡಿ, ಎರಡೂ ಕಡೆ ವಾಲಿ ನೋಡಿ. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗಲೂ ಥ್ರಾಟಲ್ (ಹೆಬ್ಬೆರಳಿನಿಂದ ಒತ್ತುವ ಆಕ್ಸಿಲರೇಟರ್) ಹೆಬ್ಬೆರಳಿಗೆ ಆರಾಮಾಗಿ ಸಿಗಬೇಕು. ಆಸ್ಟ್ರೇಲಿಯಾದಲ್ಲಿ 2020ರಿಂದ ಹೊಸ ಗಾಡಿಗೆ ಅದು ಯಾವ ಕೋನದಲ್ಲಿ ಪಕ್ಕಕ್ಕೆ ವಾಲುತ್ತದೆ ಅನ್ನುವ ಚೀಟಿ ಕಟ್ಟಿಯೇ ಮಾರಬೇಕು. ಮರುವರ್ಷದಿಂದ ಸಾಮಾನ್ಯ ಬಳಕೆಯ ಮಾದರಿಗಳಲ್ಲಿ, ಮಗುಚಿದಾಗ ಜಜ್ಜಿಹೋಗದಂತೆ ಕಾಪಾಡುವ ಸಾಧನವೂ ಕಡ್ಡಾಯ. ಆ ಚೀಟಿ ಎಲ್ಲ ಕಡೆ ಇದ್ದರೆ ಸಿಸಿ ಲೆಕ್ಕ ಹಾಕುವವರು ಅರ್ಧ ಕಡಿಮೆ ಆಗುತ್ತಿದ್ದರು ಅನಿಸುತ್ತದೆ.

ಟೈರಿನ ಗಾಳಿ ವಿಷಯದಲ್ಲಿ ಹಟ ಹಿಡಿಯಲೇಬೇಕು. ನನ್ನದಕ್ಕೆ 5 ಪಿಎಸ್‌ಐ ಸಾಕು. ಕಾರಿನ ಗೇಜಿನಲ್ಲಿ ಇಷ್ಟು ಕಡಿಮೆ ಒತ್ತಡ ಸರಿಯಾಗಿ ಓದಲು ಬರುವುದಿಲ್ಲ, ಕಡಿಮೆ ಒತ್ತಡದ್ದೇ ಬೇರೆ ಗೇಜ್ ಬೇಕು. ಎಡ ಬಲ ಒಂದು ಪಿಎಸ್‌ಐ ವ್ಯತ್ಯಾಸ ಇದ್ದರೂ ಗಾಡಿ ಒಂದು ಕಡೆ ಎಳೆಯುತ್ತದೆ. ಈ ಮೆತ್ತನೆ ಟೈರು ಡಾಂಬರಿಗೆ ಹೇಳಿದ್ದಲ್ಲ. ಅಲ್ಲಿ ಹಿಡಿತ ಜಾಸ್ತಿಯಾಗಿ, ತಿರುವಿನಲ್ಲಿ ಗಾಡಿ ಜಾರುವ ಬದಲು ಒಂದು ಪಕ್ಕ ನೆಲ ಬಿಟ್ಟು ಏಳುತ್ತದೆ.

ಏರಿನಲ್ಲಿ ಅರ್ಧಕ್ಕೇ ನಿಂತುಹೋದರೆ ಥ್ರಾಟಲ್ ಒತ್ತಿ ಜಗ್ಗಾಡಬೇಡಿ. ಭಾರ ಮೇಲ್ಗಡೆಗೇ ಇಟ್ಟು, ನಿಧಾನಕ್ಕೆ ಬ್ರೇಕ್ ಹಿಡಿದು, ಪಾರ್ಕಿಂಗ್ ಬ್ರೇಕ್ ಹಾಕಿ ಮೇಲಿನ ಪಕ್ಕಕ್ಕೆ ಇಳಿಯಿರಿ. ಇಳಿಜಾರಿನಲ್ಲಿ ಲೋ ಗೇರಿನ ಎಂಜಿನ್ ಬ್ರೇಕಿಂಗ್, ಅಂದರೆ ಥ್ರಾಟಲ್ ಬಿಟ್ಟಾಗ ಎಂಜಿನ್ನೇ ಗಾಡಿಯ ವೇಗ ತಡೆಯುವುದು, ತುಂಬಾ ಉಪಯೋಗಕ್ಕೆ ಬಂದಿದೆ. ಬ್ರೇಕ್ ಲಿವರ್ ಮುಟ್ಟುವುದೇ ಕಡಿಮೆ.

ಬೇಸರದ ವಿಷಯಗಳೂ ಇವೆ. ಬೆಲ್ಟ್ ಡಬ್ಬಿಗೆ ನೀರು ಹೋದರೆ ಬೆಲ್ಟ್ ಜಾರಿ ಎಂಜಿನ್ ಕೂಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಹಾಗಾಗಿ ಆಳ ಗೊತ್ತಿಲ್ಲದ ನೀರಿಗೆ ಇಳಿಸುವುದೇ ಇಲ್ಲ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಒಣಗಿಸಬೇಕು. ಕೆಸರಿನ ಕಾಲದಲ್ಲಿ ಬ್ರೇಕ್ ಪ್ಯಾಡು ಬೇಗ ಸವೆಯುತ್ತದೆ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕಿಲ್ ಸ್ವಿಚ್ ಹಗ್ಗ ಕಂಪನಿಯಿಂದ ಬರಲಿಲ್ಲ, ಬೇರೆ ಹಾಕಿಸಿದೆ. ಬಿದ್ದರೆ ಎಂಜಿನ್ ತಾನೇ ನಿಲ್ಲಬೇಕು, ಇದನ್ನು ಹೆಚ್ಚುವರಿ ಸಾಮಾನು ಅಂತ ಮಾರುವುದು ಸರಿಯಲ್ಲ.

ಹೆಲ್ಮೆಟ್, ಗಾಗಲ್ಸ್, ಗ್ಲೌಸ್, ಪಾದದ ಗಂಟು ಮುಚ್ಚುವ ಬೂಟು: ಇದರ ದುಡ್ಡನ್ನು ಗಾಡಿಯ ದುಡ್ಡಿನ ಜೊತೆಗೇ ತೆಗೆದಿಡಿ. ಗಾಗಲ್ಸ್ ಬೆಲೆ ಗೊತ್ತಾಗುವುದು ಮುಂದಿನ ಗಾಡಿಯ ಧೂಳಿನಲ್ಲಿ. ಕೊಂಬೆ ಕಣ್ಣಿಗೆ ಬಡಿಯುವುದೂ ಅಲ್ಲೇ ಅಲ್ವಾ? ಧೂಳು ಕೆಳಗೆ ಕೂರುವಷ್ಟು ಅಂತರ ಬಿಟ್ಟೇ ಹೋಗುತ್ತೇನೆ. ಮಕ್ಕಳು ಎಷ್ಟೇ ಕೇಳಿದರೂ ಇದನ್ನು ಕೊಡುವುದಿಲ್ಲ. 16 ವರ್ಷದೊಳಗಿನವರಿಗಲ್ಲ ಅಂತ ಗಾಡಿಯ ಮೇಲೇ ಸ್ಟಿಕ್ಕರ್ ಇದೆ. ಆ ಭಾರವನ್ನು ಮೈಯಿಂದ ವಾಲಿಸಿ ಹಿಡಿಯುವ ತೂಕ ಅವರಿಗೆಲ್ಲಿ?

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಹಗ್ಗಕ್ಕೆ ಮತ್ತು ಪವರ್ ಸ್ಟೀರಿಂಗ್ ಇಲ್ಲದ್ದಕ್ಕೆ. ಕಲ್ಲಿಗೆ ಚಕ್ರ ಬಡಿದಾಗ ಹ್ಯಾಂಡಲ್ ಕೈಯನ್ನು ಒದೆಯುತ್ತದೆ, ಸಂಜೆ ಹೊತ್ತಿಗೆ ತೋಳು ಸೋತಿರುತ್ತದೆ. ಮುಂದಿನ ಗಾಡಿ ತಗೊಂಡರೆ ಎಂಜಿನ್ ಸಣ್ಣದಾದರೂ ಪರವಾಗಿಲ್ಲ, ಪವರ್ ಸ್ಟೀರಿಂಗ್ ಇರುವುದನ್ನೇ ತಗೊಳ್ಳುತ್ತೇನೆ.