ನಾನೂರು ರೂಪಾಯಿಯ ಸೆಂಟು, ಹತ್ತು ಸಾವಿರದ ಸೆಂಟು: ವರ್ಷಕ್ಕೂ ಮೀರಿದ ಬಳಕೆಯ ನಂತರ

ಸೂಪರ್‌ಮಾರ್ಕೆಟಿನಲ್ಲಿ ಸೋಪು, ಟೂತ್‌ಪೇಸ್ಟುಗಳ ಪಕ್ಕದ ಸಾಲಿನಲ್ಲಿ ನಾನೂರು ರೂಪಾಯಿಗೆ ಸಿಗುವ 100 ಎಂ.ಎಲ್. ಪರ್ಫ್ಯೂಮ್, ಹತ್ತು ಸಾವಿರದ ಆಸುಪಾಸಿನ ವಿದೇಶಿ ಡಿಸೈನರ್ ಪರ್ಫ್ಯೂಮಿಗೆ ಸಾಟಿಯಾಗುತ್ತದೆಯೇ ಎಂದು ಕೇಳಿದರೆ, ಮೊದಲ ಒಂದು ಗಂಟೆಯ ಮಟ್ಟಿಗೆ ಬಹುಪಾಲು ಆಗುತ್ತದೆ, ಆಮೇಲೆ ಆಗುವುದಿಲ್ಲ ಎನ್ನುತ್ತೇನೆ. ನಮ್ಮ ಮೈಮೇಲಿನ ಪರಿಮಳವನ್ನು ಬೇರೆಯವರು ಗಮನಿಸುವುದು ಹೆಚ್ಚಾಗಿ ಆ ಮೊದಲ ಗಂಟೆಯಲ್ಲೇ ಆದ್ದರಿಂದ, ಅಗ್ಗದ ಬಾಟಲಿಯನ್ನು ಕೊಂಡವರು ಮೋಸಹೋದರೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಬಳಿ ಇರುವ ಎರಡು ಬಾಟಲಿಗಳಲ್ಲಿ ಒಂದನ್ನು ತುಮಕೂರಿನ ಬಿ.ಎಚ್. ರಸ್ತೆಯ ಸೂಪರ್‌ಮಾರ್ಕೆಟಿನಲ್ಲಿ ತಿಂಗಳ ದಿನಸಿಯ ಜೊತೆಗೆ ಕೊಂಡಿದ್ದೆ. ಇನ್ನೊಂದನ್ನು ದುಬೈಯಲ್ಲಿರುವ ಭಾವಮೈದ ರಜೆಗೆ ಬಂದಾಗ ತಂದುಕೊಟ್ಟಿದ್ದ. ಎರಡೂ ಒಂದೇ ಜಾತಿಯವು: ಆರಂಭದಲ್ಲಿ ನಿಂಬೆಯ ಬಳಗದ ಬರ್ಗಮಾಟ್ ಮತ್ತು ಮೆಣಸಿನ ಚುರುಕು, ಕೊನೆಯಲ್ಲಿ ಒಣ ಮರದ ಪರಿಮಳ. ಅಗ್ಗದ್ದು ದುಬಾರಿಯದರ ಜಾಡು ಹಿಡಿದೇ ತಯಾರಾದದ್ದೆಂದು ಪೆಟ್ಟಿಗೆಯ ಬಣ್ಣವೇ ಸಾರುತ್ತದೆ. ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ಹೋಗಿಬರುವ ಕೆಲಸ ನನ್ನದಾದ್ದರಿಂದ, ಕಾಲೂರಲು ಜಾಗವಿಲ್ಲದ ಬೋಗಿಯಲ್ಲೂ ಏಪ್ರಿಲ್ ಬಿಸಿಲಿನಲ್ಲೂ ಎರಡನ್ನೂ ಬದಲಿಸಿ ಬದಲಿಸಿ ಬಳಸಿ ನೋಡಿದ್ದೇನೆ.

ಈ ನಕಲು ಸಾಧ್ಯವಾಗಲು ಕಾರಣವೂ ಇದೆ. ಇಂದಿನ ಡಿಸೈನರ್ ಪರ್ಫ್ಯೂಮುಗಳು ಹೂವಿನ ಎಣ್ಣೆಯಿಂದಲೇ ಆದವುಗಳೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅವುಗಳ ದೊಡ್ಡ ಪಾಲು ಪ್ರಯೋಗಾಲಯದಲ್ಲಿ ತಯಾರಾದ ಅಣುಗಳು. ಮಲ್ಲಿಗೆಯ ಛಾಯೆಯುಳ್ಳ ಹೆಡಿಯೋನ್ ಎಂಬ ಅಣು 1966ರಲ್ಲಿ ಬಂದ ಡಿಯೋರ್ ಸಂಸ್ಥೆಯ 'ಓ ಸೊವಾಜ್'ನಿಂದ ಹೆಸರಾಯಿತು. ತಿಮಿಂಗಿಲದ ಅಂಬರಿನ ಬದಲಿಗೆ ಬಳಸುವ ಆಂಬ್ರಾಕ್ಸಾನನ್ನು ಕ್ಲೇರಿ ಸೇಜ್ ಎಂಬ ಗಿಡದಿಂದ ಸಿಗುವ ಸ್ಕ್ಲೇರಿಯಾಲ್‌ನಿಂದ ತಯಾರಿಸುತ್ತಾರೆ. ಇಂಥ ಅಣುಗಳು ಈಗ ಯಾರು ಬೇಕಾದರೂ ಕೊಳ್ಳಬಹುದಾದ ಸರಕು. ಬಾಟಲಿಯೊಂದರಲ್ಲಿ ಏನೇನಿದೆ ಎಂಬುದನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರ ಬಹುಮಟ್ಟಿಗೆ ಬಿಡಿಸಿ ತೋರಿಸುತ್ತದೆ. ಇನ್ನು ಕಾನೂನಿನ ಮಾತು ಇನ್ನೂ ಸ್ವಾರಸ್ಯಕರ: 2006ರಲ್ಲಿ ನೆದರ್‌ಲೆಂಡ್ಸ್‌ನ ಸುಪ್ರೀಂ ಕೋರ್ಟು ಲಾಂಕೋಮ್ ಸಂಸ್ಥೆಯ ಪರ್ಫ್ಯೂಮೊಂದರ ಪರಿಮಳಕ್ಕೆ ಕೃತಿಸ್ವಾಮ್ಯವಿರಬಹುದೆಂದು ಒಪ್ಪಿದರೆ, ಅದೇ ವರ್ಷ ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಪರಿಮಳಕ್ಕೆ ಅಂಥ ಹಕ್ಕಿಲ್ಲ ಎಂದಿತು. ಪರ್ಫ್ಯೂಮಿನ ತವರೇ ಹಾಗೆಂದ ಮೇಲೆ ನಕಲು ಮಾಡುವವರಿಗೆ ಹೆಸರು ಮತ್ತು ಪೆಟ್ಟಿಗೆಯ ಹೋಲಿಕೆಯಷ್ಟೇ ಅಂಜಿಕೆ.

ಹಾಗಾದರೆ ವ್ಯತ್ಯಾಸವೆಲ್ಲಿ? ಸ್ವಂತ ಮೂಗನ್ನು ಈ ವಿಷಯದಲ್ಲಿ ನಂಬುವಂತಿಲ್ಲ; ಒಂದೇ ಪರಿಮಳದ ನಡುವೆ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 'ಹಾಕಿಕೊಂಡ ಅರ್ಧ ಗಂಟೆಗೇ ಹೊರಟುಹೋಯಿತು' ಎಂದು ದೂರುವವರಲ್ಲಿ ಅನೇಕರ ಮೈಮೇಲೆ ಅದು ಇನ್ನೂ ಇರುತ್ತದೆ. ಆದ್ದರಿಂದ ಒಗೆದು ಒಣಗಿಸಿದ ಎರಡು ಬಿಳಿ ಕರ್ಚೀಫುಗಳಿಗೆ ಒಂದೊಂದನ್ನು ಸಿಂಪಡಿಸಿ, ಮೂಲೆಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಯಾವುದು ಯಾವುದೆಂದು ಹೇಳದೆ ಮನೆಯವರ ಕೈಗೆ ಕೊಟ್ಟೆ. ಸಿಂಪಡಿಸಿದ ತಕ್ಷಣ ಅಗ್ಗದ್ದರಲ್ಲಿ ಸ್ಪಿರಿಟ್ಟಿನ ಘಾಟು ಎದ್ದು ಕಾಣುತ್ತಿತ್ತು. ಅಮ್ಮ ಮುಖ ಹಿಂದಕ್ಕೆಳೆದುಕೊಂಡು, "ಇದೇನಪ್ಪಾ, ಇಂಜೆಕ್ಷನ್ ಕೊಡೋ ಮುಂಚೆ ಹಚ್ತಾರಲ್ಲ ಹಾಗಿದೆ" ಎಂದರು. ಆ ಘಾಟು ಇಳಿದ ಮೇಲೆ, ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ, ಮನೆಯಲ್ಲಿ ಯಾರೂ ಎರಡನ್ನೂ ಖಚಿತವಾಗಿ ಬೇರ್ಪಡಿಸಲಿಲ್ಲ. ನನ್ನ ಹೆಂಡತಿಯಂತೂ ಅಗ್ಗದ್ದನ್ನೇ ತೋರಿಸಿ, "ನಮ್ಮಣ್ಣ ತಂದದ್ದು ಇದೇ ಅಲ್ವೇನ್ರೀ?" ಎಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಎರಡರ ಬಣ್ಣ ಬಯಲಾಯಿತು. ಅಗ್ಗದ ಕರ್ಚೀಫಿನಲ್ಲಿ ಉಳಿದಿದ್ದದ್ದು ಬಟ್ಟೆಸೋಪಿನಂಥ ಒಂದೇ ಒಂದು ಸಪ್ಪೆ ಸಿಹಿ. ಸಂಜೆಗೆ ಅದೂ ಇರಲಿಲ್ಲ. ದುಬಾರಿಯದರಲ್ಲಿ ಮೆಣಸಿನ ಚುರುಕು ಹೋಗಿ ಲ್ಯಾವೆಂಡರಿನ ತಂಪು ಬಂದಿತ್ತು, ಸಂಜೆಯ ವೇಳೆಗೆ ಉಪ್ಪುಗಾಳಿಗೆ ಒಣಗಿದ ಮರದಂಥ ತೆಳುವಾದ ಪರಿಮಳ ಉಳಿದಿತ್ತು, ಮರುದಿನ ಬೆಳಿಗ್ಗೆಯೂ ಬಟ್ಟೆಯ ಮಡಿಕೆಯಲ್ಲಿ ಅದು ಸಿಗುತ್ತಿತ್ತು. ಒಗ್ಗರಣೆಯ ಘಮ ಬೀದಿಯವರೆಗೂ ಬರುತ್ತದೆ, ಸಾರಿನ ರುಚಿ ಉಂಡವನಿಗೇ ಗೊತ್ತು. ಹೆಚ್ಚಿನ ಹಣ ಹೋಗುವುದು ಈ ಎರಡನೆಯದಕ್ಕೆ.

ಲೇಬಲ್ಲನ್ನು ನೋಡಿ ಇದನ್ನು ಮೊದಲೇ ಊಹಿಸುವುದು ಕಷ್ಟ. ವಾಡಿಕೆಯ ಲೆಕ್ಕದಲ್ಲಿ ಇ.ಡಿ.ಟಿ. (ಓ ದ ತ್ವಾಲೆಟ್) ಎಂದರೆ ಸುಮಾರು ಶೇ. 5ರಿಂದ 15, ಇ.ಡಿ.ಪಿ. (ಓ ದ ಪರ್ಫಮ್) ಎಂದರೆ ಸುಮಾರು ಶೇ. 15ರಿಂದ 20ರಷ್ಟು ಸುಗಂಧ ಸಾರ. ನನ್ನ ಅಗ್ಗದ ಬಾಟಲಿಯ ಮೇಲೆ ಇ.ಡಿ.ಪಿ. ಎಂದೂ ದುಬಾರಿಯದರ ಮೇಲೆ ಇ.ಡಿ.ಟಿ. ಎಂದೂ ಇದೆ, ಬಾಳಿಕೆಯಲ್ಲಿ ಗೆದ್ದದ್ದು ಎರಡನೆಯದು. ಸಾರ ಎಷ್ಟಿದೆ ಎಂಬುದಕ್ಕಿಂತ, ನಿಧಾನವಾಗಿ ಆವಿಯಾಗುವ ತಳದ ಪದಾರ್ಥಗಳು ಆ ಸಾರದಲ್ಲಿ ಎಷ್ಟಿವೆ ಎಂಬುದರ ಮೇಲೆ ಬಾಳಿಕೆ ನಿಂತಿರುತ್ತದೆ.

ಖರ್ಚಿನ ಲೆಕ್ಕ ಹೀಗೆ: ಒಮ್ಮೆ ಒತ್ತಿದರೆ ಸುಮಾರು 0.1 ಎಂ.ಎಲ್. ಹೊರಬರುತ್ತದೆ ಎಂದುಕೊಂಡರೆ, 100 ಎಂ.ಎಲ್. ಬಾಟಲಿಯಿಂದ ಸಾವಿರ ಒತ್ತುಗಳು. ಅಗ್ಗದ್ದರ ಒಂದು ಒತ್ತಿಗೆ 40 ಪೈಸೆ, ದುಬಾರಿಯದಕ್ಕೆ ಹತ್ತು ರೂಪಾಯಿ. ಮಧ್ಯಾಹ್ನ ಇನ್ನೊಮ್ಮೆ, ಬೇಕಿದ್ದರೆ ಸಂಜೆ ಮತ್ತೊಮ್ಮೆ ಹಾಕಿಕೊಂಡರೂ ಅಗ್ಗದ್ದು ಅಗ್ಗವೇ. ದುಬಾರಿ ಬಾಟಲಿಗೆ ಕೊಡುವ ಹಣದಲ್ಲಿ ಸಿನಿಮಾ ತಾರೆಯ ಜಾಹೀರಾತು, ಭಾರವಾದ ಗಾಜು, ಮಾಲ್‌ನ ಬಾಡಿಗೆ ಎಲ್ಲವೂ ಸೇರಿರುತ್ತವೆಂಬುದನ್ನು ಮರೆಯಬಾರದು. (ಸಂಜೆ ರೈಲಿಳಿದು ಬರುವಾಗ ಸಿಗುವ ಒಂದು ಮೊಳ ಮಲ್ಲಿಗೆಯ ಮುಂದೆ ಇವೆರಡೂ ನಿಲ್ಲುವುದಿಲ್ಲ, ಆದರೆ ಅದನ್ನು ನಾನು ಮುಡಿಯುವಂತಿಲ್ಲ.)

ಅಗ್ಗದ್ದರ ಬಗ್ಗೆ ನನಗಿರುವ ನಿಜವಾದ ತಕರಾರು ಬೇರೆಯೇ. ಅದನ್ನು ನೇರವಾಗಿ ಸಿಂಪಡಿಸಿದ ತಿಳಿಬಣ್ಣದ ಶರ್ಟಿನ ಕಾಲರಿನ ಮೇಲೆ ಹಳದಿ ಅಂಚು ಮೂಡಿತು, ಒಗೆದರೂ ಪೂರ್ತಿ ಹೋಗಲಿಲ್ಲ. ಮೊದಲ ಬಾಟಲಿ ಮುಗಿದು ಅದೇ ಹೆಸರಿನ ಇನ್ನೊಂದನ್ನು ತಂದಾಗ ಮೆಣಸಿನ ಅಂಶ ಕಡಿಮೆಯಾಗಿ ಸಿಹಿ ಹೆಚ್ಚಾಗಿತ್ತು. ಅಂಗಡಿಯಲ್ಲಿ ಎಲ್ಲವೂ ಸೀಲಾಗಿಯೇ ಇರುವುದರಿಂದ ಮೂಸಿ ನೋಡಿ ಕೊಳ್ಳುವ ಅವಕಾಶವೂ ಇಲ್ಲ. ಬೆವರಿದ ಮೈಗೆ ಹಾಕಿಕೊಂಡರೆ ಅದರ ಸಿಹಿ ಬೇಗ ಕೆಡುತ್ತದೆ. ಸ್ನಾನ ಮುಗಿಸಿ, ಮೈ ಒರೆಸಿ ಆರಿದ ಮೇಲೆ, ಬನಿಯನ್ನಿಗೆ ಒಮ್ಮೆ ಸಿಂಪಡಿಸಿ ಮೇಲೆ ಶರ್ಟು ತೊಟ್ಟರೆ ಕಲೆಯೂ ಕಾಣುವುದಿಲ್ಲ, ಬಾಳಿಕೆಯೂ ತುಸು ಹೆಚ್ಚು. ಬಾಟಲಿ ಯಾವುದೇ ಇರಲಿ, ಕಿಟಕಿಯ ಬಳಿ ಬಿಸಿಲಿಗಿಡದೆ ಬೀರುವಿನೊಳಗಿಡಬೇಕು. ಬೆಳಕು, ಶಾಖಗಳಿಗೆ ಮೊದಲು ಹಾಳಾಗುವುದು ನಿಂಬೆಯ ಅಂಶ.

ಈಗ ನಾನು ರೈಲಿನ ದಿನಗಳಿಗೆ ಅಗ್ಗದ್ದನ್ನೂ, ಮದುವೆ ಮುಂಜಿಗಳಂಥ ದಿನವಿಡೀ ಇರಬೇಕಾದ ಕಡೆಗೆ ದುಬಾರಿಯದನ್ನೂ ಬಳಸುತ್ತಿದ್ದೇನೆ. ದುಬಾರಿಯದು ಮುಗಿದ ಮೇಲೆ ಹತ್ತು ಸಾವಿರ ಕೊಟ್ಟು ಪೂರ್ತಿ ಬಾಟಲಿ ಕೊಳ್ಳುವ ಯೋಚನೆಯಿಲ್ಲ; ಭಾವಮೈದ ಮುಂದಿನ ರಜೆಗೆ ಬರುವಾಗ ಅದರದೇ ಚಿಕ್ಕ ಬಾಟಲಿ ಸಿಕ್ಕರೆ ತರಲು ಹೇಳಿದ್ದೇನೆ.