ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್: ಬಾಲಪಾಠ ಮುಗಿಸಿದವರಿಗೆ ಹೇಗೆ?

ಹದವಾದ ಇಳಿಜಾರಿನಲ್ಲಿ ಎರಡೂ ಸ್ಕೀ ಜೋಡಿಸಿಕೊಂಡು ತಿರುಗಲು ಬರುತ್ತದೆ, ಬೇಕೆಂದ ಕಡೆ ನಿಲ್ಲಲೂ ಬರುತ್ತದೆ, ಆದರೆ ಮೊಣಕಾಲುದ್ದ ಹೊಸ ಹಿಮ ಕಂಡರೆ ಕೈಕಾಲು ಸೋಲುತ್ತದೆ. ಈ ವಿಮರ್ಶೆ ಅಂಥವರಿಗೆ. ಗುಲ್ಮಾರ್ಗ್ ಬಗ್ಗೆ ಕೇಳಿಬರುವ ಹೊಗಳಿಕೆಯಲ್ಲಿ ಬಹುಪಾಲು ನುರಿತವರದ್ದು, ಉಳಿದದ್ದು ಮೊದಲ ಸಲ ಹಿಮ ಮುಟ್ಟಿದವರದ್ದು. ನಡುವಿನವರ ಪಾಲಿಗೆ ಈ ಬೆಟ್ಟ ತೀರಾ ಬೇರೆ.

ಬೆಟ್ಟದ ರಚನೆ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೊಲಾದ (ಹಗ್ಗಕ್ಕೆ ನೇತುಬಿದ್ದು ಓಡುವ ಕ್ಯಾಬಿನ್‌ಗಳ ಸಾಲು) ಮೊದಲ ಹಂತ ಸುಮಾರು 3,080 ಮೀಟರ್ ಎತ್ತರದ ಕೊಂಗ್ಡೂರಿಗೆ ಒಯ್ಯುತ್ತದೆ. ಇದು ಶುರುವಾದದ್ದು 1998ರಲ್ಲಿ. 2005ರಲ್ಲಿ ಬಂದ ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, ಹೆಚ್ಚುಕಡಿಮೆ 3,950 ಮೀಟರ್‌ಗೆ ಏರುತ್ತದೆ. ಅಂದರೆ ಮೊದಲ ಹಂತದ ಇಳಿತ ನಾನೂರು ಚಿಲ್ಲರೆ ಮೀಟರ್, ಎರಡನೆಯದರದು ಅದರ ಎರಡರಷ್ಟು. ಎತ್ತರಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ: ಮೊದಲ ಹಂತದ ಕೆಳಗೆ ಯಂತ್ರ ಓಡಿಸಿ ಹಿಮ ಸಮ ಮಾಡುತ್ತಾರೆ, ಎರಡನೆಯದರ ಕೆಳಗೆ ಮಾಡುವುದಿಲ್ಲ. ಯುರೋಪಿನ ಸ್ಕೀ ಊರುಗಳಲ್ಲಿ ನೀಲಿ (ಸುಲಭ), ಕೆಂಪು (ಮಧ್ಯಮ), ಕಪ್ಪು (ಕಠಿಣ) ಗುರುತಿನ ದಾರಿಗಳು ಬೆಟ್ಟದ ತುಂಬ ಹರಡಿರುತ್ತವೆ. ಮಧ್ಯಮ ಹಂತದವರು ವಾರವಿಡೀ ಕೆಂಪು ದಾರಿಗಳಲ್ಲೇ ಸುಖವಾಗಿ ಕಳೆಯಬಹುದು. ಇಲ್ಲಿ ಅಂಥ ಜಾಲವಿಲ್ಲ. ಅದನ್ನು ನಿರೀಕ್ಷಿಸಿ ಹೋದವರಿಗೆ ಮೂರನೇ ದಿನಕ್ಕೇ ಬೇಸರ ಬರುತ್ತದೆ. ಬೇಸರ ಕಳೆಯಲು ಮೇಲಿನ ಹಂತಕ್ಕೆ ಹತ್ತುತ್ತಾರಲ್ಲ, ಅಪಾಯ ಶುರುವಾಗುವುದೇ ಅಲ್ಲಿ.

ಮೊದಲ ದಿನ ಊರಿನ ಪಕ್ಕದ ಕಲಿಕೆಯ ಇಳಿಜಾರಿನಲ್ಲಿ ಡ್ರ್ಯಾಗ್ ಲಿಫ್ಟ್ (ಹಿಮದ ಮೇಲೆ ನಿಂತವರನ್ನೇ ಮೇಲಕ್ಕೆ ಎಳೆದೊಯ್ಯುವ ಹಗ್ಗ) ಹಿಡಿದು ಒಂದೆರಡು ಗಂಟೆ ಕಾಲು ಪಳಗಿಸಿದರೆ ಸಾಕು. ಅಲ್ಲಿ ಸ್ಲೆಡ್ಜ್ ಎಳೆಯುವವರು, ಫೋಟೊ ತೆಗೆಸಿಕೊಳ್ಳುವವರು ಎಲ್ಲರೂ ಅಡ್ಡ ಬರುತ್ತಾರೆ, ವೇಗ ಬೇಡ. ಎರಡನೇ ದಿನದಿಂದ ಕೊಂಗ್ಡೂರಿಯಿಂದ ಊರಿಗೆ ಇಳಿಯುವ ಕಾಡಿನ ದಾರಿ ಹಿಡಿಯಬೇಕು. ಗುಲ್ಮಾರ್ಗ್‌ನಲ್ಲಿ ಮಧ್ಯಮ ಹಂತದವರಿಗೆ ದಕ್ಕುವ ಅತ್ಯುತ್ತಮ ದಾರಿ ಇದೇ. ಬೆಳಗಿನ ಮೊದಲ ಕ್ಯಾಬಿನ್‌ಗಳಲ್ಲಿ ಹತ್ತಿದರೆ ಹಿಮ ಇನ್ನೂ ಕೆಡದೆ ಇರುತ್ತದೆ, ಸರತಿಯೂ ಚಿಕ್ಕದು. ಮಧ್ಯಾಹ್ನದ ಹೊತ್ತಿಗೆ ದಾರಿ ಕಿರಿದಾಗುವ ಕಡೆಗಳಲ್ಲಿ ಎಲ್ಲರೂ ಬ್ರೇಕ್ ಹಾಕಿ ಹಾಕಿ ಹಿಮ ಕೆರೆದುಹೋಗಿ ಗಟ್ಟಿ ಪದರ ಮೇಲೆದ್ದಿರುತ್ತದೆ. ಅಂಥ ಕಡೆ ಒತ್ತಾಯದಿಂದ ತಿರುಗಬೇಡಿ. ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಹಿಡಿದು, ಅಂಚನ್ನು ತುಸು ಸಡಿಲಿಸಿ, ಪಕ್ಕಕ್ಕೆ ಜಾರುತ್ತ ಇಳಿದು, ದಾರಿ ಅಗಲವಾದ ಮೇಲೆ ಮತ್ತೆ ತಿರುವು ಶುರು ಮಾಡಿ.

ಮುಂದಿನ ಮೆಟ್ಟಿಲು ಕೊಂಗ್ಡೂರಿಯಿಂದ ಮೇರೀಸ್ ಶೋಲ್ಡರ್ ಎಂಬ ಜಾಗದ ಕಡೆಗೆ ಹೋಗುವ ಚೇರ್‌ಲಿಫ್ಟ್ (ಹಗ್ಗಕ್ಕೆ ನೇತುಬಿದ್ದ ಕುರ್ಚಿಗಳು). ಇಳಿಜಾರು ಇಲ್ಲಿ ಕಡಿದು, ಮರಗಳ ಆಸರೆ ಕಡಿಮೆ. ಮೋಡ ಕವಿದರೆ ಆಕಾಶ, ನೆಲ ಎರಡೂ ಒಂದೇ ಬಿಳುಪಾಗಿ ಉಬ್ಬುತಗ್ಗು ಕಣ್ಣಿಗೆ ಸಿಗುವುದಿಲ್ಲ. ಹಳದಿ ಅಥವಾ ಗುಲಾಬಿ ಗಾಜಿನ ಗಾಗಲ್ಸ್ ಆಗ ಸ್ವಲ್ಪ ನೆರವಾಗುತ್ತದೆ. ಅಂಥ ದಿನ ಕಾಡಿನ ದಾರಿಗೇ ಮರಳುವುದು ಲೇಸು, ಮರಗಳಿಂದಾಗಿ ನೆಲದ ಏರಿಳಿತ ತಿಳಿಯುತ್ತದೆ.

ಎರಡನೇ ಹಂತದ ಬಗ್ಗೆ ನೇರವಾಗಿ ಹೇಳಬೇಕು: ಕ್ಯಾಬಿನ್ ಯಾರನ್ನು ಬೇಕಾದರೂ ಮೇಲಕ್ಕೆ ಒಯ್ಯುತ್ತದೆ, ಇಳಿಯುವ ಕೌಶಲ ಮಾತ್ರ ನಿಮ್ಮದೇ ಆಗಿರಬೇಕು. ಗೊಂಡೊಲಾ ಹಗ್ಗದ ಕೆಳಗಿನ ಮುಖ್ಯ ಬೋಗುಣಿಯಂಥ ಇಳಿಜಾರನ್ನು ಸ್ಕೀ ಪ್ಯಾಟ್ರೋಲ್ (ಕಾವಲು ಪಡೆ) ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಭಾರಿ ಹಿಮ ಬಿದ್ದ ಮೇಲೆ ಹಿಮಕುಸಿತದ ಅಪಾಯ ತಗ್ಗಿಸುವವರೆಗೆ ಈ ಹಂತ ಮುಚ್ಚಿರುತ್ತದೆ. ಆ ಗಡಿ ದಾಟಿ ಎಡಕ್ಕೋ ಬಲಕ್ಕೋ ಹೋದರೆ ಕಾವಲಿಲ್ಲದ ಬೆಟ್ಟ. ಹಿಮದಡಿ ಸಿಕ್ಕವರನ್ನು ಪತ್ತೆ ಮಾಡುವ ಟ್ರಾನ್ಸೀವರ್ ಯಂತ್ರ, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಇವುಗಳನ್ನು ಬಳಸಲು ಬಲ್ಲ ಜೊತೆಗಾರ, ಸ್ಥಳೀಯ ಗೈಡ್, ಇವಿಷ್ಟೂ ಇಲ್ಲದೆ ಅಲ್ಲಿ ಕಾಲಿಡಲೇಬಾರದು. ಮುಖ್ಯ ಇಳಿಜಾರಿನಲ್ಲೇ ಆದರೂ, ಚೇರ್‌ಲಿಫ್ಟ್ ಪಕ್ಕದ ಸಮ ಮಾಡದ ಹಿಮದಲ್ಲಿ ಬೀಳದೆ ಹತ್ತು ತಿರುವು ಸತತ ಹಾಕಲು ಬಂದ ಮೇಲಷ್ಟೇ, ಆಕಾಶ ತಿಳಿಯಾದ ದಿನ ಗೈಡ್ ಜೊತೆ ಹತ್ತಿ. ಮೇಲೆ ನಿಂತು ಧೈರ್ಯ ಸಾಲದೆ ಹೋದರೆ ಕ್ಯಾಬಿನ್‌ನಲ್ಲೇ ವಾಪಸ್ ಇಳಿಯಬಹುದು, ಅದರಲ್ಲಿ ಯಾವ ಅವಮಾನವೂ ಇಲ್ಲ.

ಮಧ್ಯಮ ಹಂತದವರು ಪುಡಿಹಿಮದಲ್ಲಿ (ಹೊಸದಾಗಿ ಬಿದ್ದ ಸಡಿಲ ಹಿಮ) ಬೀಳುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ. ಗಟ್ಟಿ ಹಿಮದಲ್ಲಿ ತಿರುವಿನ ಹೊರಬದಿಯ ಸ್ಕೀ ಮೇಲೆ ಭಾರ ಹಾಕುವುದು ಸರಿ. ಪುಡಿಹಿಮದಲ್ಲಿ ಹಾಗೆ ಮಾಡಿದರೆ ಆ ಸ್ಕೀ ಮುಳುಗುತ್ತದೆ, ಇನ್ನೊಂದು ತೇಲುತ್ತದೆ, ಕಾಲುಗಳು ಕವಲೊಡೆಯುತ್ತವೆ. ಎರಡೂ ಕಾಲಿಗೆ ಭಾರ ಸಮವಾಗಿ ಹಂಚಿ, ಸ್ಕೀಗಳನ್ನು ಹತ್ತಿರ ಇಟ್ಟು, ಒಂದೇ ಲಯದಲ್ಲಿ ತಿರುಗಬೇಕು. ಭಯಕ್ಕೆ ಹಿಂದಕ್ಕೆ ವಾಲಿದರೆ ತೊಡೆ ಉರಿಯುತ್ತದೆ, ಹಿಡಿತವೂ ಹೋಗುತ್ತದೆ.

ಬಾಡಿಗೆ ಸಾಮಾನಿನ ಗುಣಮಟ್ಟ ಅಂಗಡಿಯಿಂದ ಅಂಗಡಿಗೆ ಬಹಳ ಬೇರೆ, ಆದ್ದರಿಂದ ಇಲ್ಲಿ ಆತುರ ಬೇಡ. ಬೂಟಿನ ಅಳತೆ ಪಾದದ ಉದ್ದ, ಸೆಂಟಿಮೀಟರ್‌ಗಳಲ್ಲಿ. ಒಂದೇ ಜೊತೆ ತೆಳು ಕಾಲುಚೀಲ ಹಾಕಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮೊಣಕಾಲು ಬಾಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಎದ್ದರೆ ಆ ಬೂಟು ಬೇಡ. ಸ್ಕೀ ಅಂಚಿನ ಮೇಲೆ ಉಗುರನ್ನು ಅಡ್ಡ ಎಳೆದಾಗ ಉಗುರಿನ ಪುಡಿ ಉದುರದಿದ್ದರೆ ಅಂಚು ಸವೆದಿದೆ. ಗುಲ್ಮಾರ್ಗ್ ಪುಡಿಹಿಮಕ್ಕೆ ಹೆಸರಾದ್ದರಿಂದ ನಡುವಿನಲ್ಲಿ 100 ಮಿಲಿಮೀಟರ್‌ಗೂ ಅಗಲದ ಸ್ಕೀ ಕೊಡಲು ಬರಬಹುದು. ಸಮ ಮಾಡಿದ ದಾರಿಗೆ 80ರಿಂದ 90 ಸಾಕು, ತಿರುವು ಬೇಗ ಕೂಡುತ್ತದೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಡಿನ್ ಸಂಖ್ಯೆಯನ್ನು, ಅಂದರೆ ಅದು ಎಷ್ಟು ಬಲಕ್ಕೆ ಕಳಚಬೇಕೆಂಬ ಅಳತೆಯನ್ನು, ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಕೌಶಲ ನೋಡಿ ಇಡಬೇಕು. ಏನೂ ಕೇಳದೆ ಸ್ಕ್ರೂ ತಿರುಗಿಸುವವರಿದ್ದರೆ ಬೇರೆ ಅಂಗಡಿಗೆ ಹೋಗಿ: ಬಿಗಿಯಾದರೆ ಬಿದ್ದಾಗ ಸ್ಕೀ ಕಳಚದೆ ಮೊಣಕಾಲಿನ ಅಸ್ಥಿರಜ್ಜು ಹರಿಯಬಹುದು, ಸಡಿಲವಾದರೆ ತಿರುವಿನ ನಡುವೆಯೇ ಕಳಚಿಕೊಳ್ಳುತ್ತದೆ.

ಬೆಂಗಳೂರಿನ ಎತ್ತರ ಸುಮಾರು 920 ಮೀಟರ್, ಆದ್ದರಿಂದ ತಲುಪಿದ ದಿನವೇ ಮೇಲಿನ ಹಂತ ಬೇಡ. ತಲೆನೋವು, ವಾಕರಿಕೆ ಬಂದರೆ ಮದ್ದು ಕೆಳಗಿಳಿಯುವುದೇ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಗೊಂಡೊಲಾ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿಡಿ. ಹಿಮ ಬಿದ್ದರೆ ಬೆಟ್ಟದ ಬುಡದ ಊರು ಟಂಗ್ಮಾರ್ಗ್‌ನಿಂದ ಮೇಲಿನ 13 ಕಿಲೋಮೀಟರ್‌ಗೆ ಚಕ್ರಕ್ಕೆ ಚೈನ್ ಹಾಕಿದ ಅಥವಾ ನಾಲ್ಕೂ ಚಕ್ರ ಎಳೆಯುವ ಗಾಡಿ ಹಿಡಿಯಬೇಕಾಗುತ್ತದೆ. ಗಾಳಿ, ಹಿಮದಿಂದ ಲಿಫ್ಟ್ ನಿಲ್ಲುವ ದಿನಗಳಿಗಾಗಿ ಐದು ದಿನದ ಸ್ಕೀಯಿಂಗ್‌ಗೆ ಏಳು ದಿನ ಇಟ್ಟುಕೊಳ್ಳಿ, ಫೆಬ್ರವರಿಯಾದರೆ ಒಳ್ಳೆಯದು. ಮಾರ್ಚ್‌ನಲ್ಲಿ ಕೆಳಗಿನ ಇಳಿಜಾರು ಮಧ್ಯಾಹ್ನಕ್ಕೇ ನೀರುನೀರಾಗಿ ಸ್ಕೀ ಎಳೆದು ಹಿಡಿಯುತ್ತದೆ.