ಡೈ ಪೆನಿಟ್ರಂಟ್ ಕಿಟ್: ಬೋಲ್ಟ್ ಬಿರುಕು ಹುಡುಕಲು ಎಷ್ಟು ನಂಬಬಹುದು?

ಇದು ಮೂರು ಸ್ಪ್ರೇ ಡಬ್ಬಿಗಳ ಕಿಟ್: ಕ್ಲೀನರ್, ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ (ಪೆನಿಟ್ರಂಟ್), ಆ ಬಣ್ಣವನ್ನು ಹೊರಗೆಳೆದು ತೋರಿಸುವ ಬಿಳಿ ಪುಡಿ (ಡೆವಲಪರ್). ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ರಿಪೇರಿ ವರ್ಕ್‌ಶಾಪ್. ಕಬ್ಬಿನ ಸೀಸನ್ ಮುಗಿದ ಮೇಲೆ ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ಬಿಚ್ಚಿದ ಕಪ್ಲಿಂಗ್ (ಎರಡು ಶಾಫ್ಟ್ ಜೋಡಿಸುವ ಭಾಗ) ಬೋಲ್ಟ್, ದಪ್ಪ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟ್) ರಾಶಿಯಾಗಿ ಬರುತ್ತವೆ. ಯಾವುದನ್ನು ಮತ್ತೆ ಹಾಕಬೇಕು, ಯಾವುದು ಗುಜರಿಗೆ ಅಂತ ತೀರ್ಮಾನಿಸಲು ಹಲವು ಸೀಸನ್‌ಗಳಿಂದ ಈ ಕಿಟ್ ಬಳಸುತ್ತಿದ್ದೇವೆ. ಬೋಲ್ಟ್ ತಲೆಯ ಬುಡದ ಬಿರುಕಿಗೆ ಬಹಳ ಒಳ್ಳೆಯದು. ಥ್ರೆಡ್ ಒಳಗಿನ ಬಿರುಕಿಗೆ ಇದೊಂದನ್ನೇ ನಂಬಬೇಡಿ.

ತೊಂದರೆ ಏನೆಂದರೆ, ಬಿರುಕು ಜಾಸ್ತಿ ಹುಟ್ಟುವುದೇ ಥ್ರೆಡ್‌ನಲ್ಲಿ. ನಟ್ ಒಳಗಿನ ಥ್ರೆಡ್‌ಗಳು ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ನಟ್ ಒತ್ತಿ ಕೂರುವ ಮುಖದ ಪಕ್ಕದ ಮೊದಲ ಥ್ರೆಡ್ಡೇ ಸುಮಾರು ಮೂರನೇ ಒಂದು ಭಾಗ ಹೊರುತ್ತದೆ. ಅದರ ಬುಡ ಬೇರೆ ಚೂಪು. ಭಾರ ಏರಿಳಿಯುತ್ತಿದ್ದರೆ ಫಟೀಗ್ (ದಣಿವಿನ) ಬಿರುಕು ಅಲ್ಲಿಂದ ಶುರುವಾಗಿ ಒಳಗೆ ಸರಿಯುತ್ತದೆ.

ಥ್ರೆಡ್ ಬುಡದಲ್ಲಿ ಪೆನಿಟ್ರಂಟ್ ಹೇಗೂ ಉಳಿದುಬಿಡುತ್ತದೆ. ಡೆವಲಪರ್ ಹೊಡೆದ ಕೂಡಲೇ ಸುತ್ತಲೂ ಕೆಂಪು ಗೆರೆ. ನಿಜವಾದ ಬಿರುಕೂ ಅದೇ ಬುಡದಲ್ಲಿ, ಅದೇ ದಿಕ್ಕಿನಲ್ಲಿ ಇರುತ್ತದೆ. ಹಾಗಿದ್ದಾಗ ನಾವು ಒರೆಸಿ ಮತ್ತೊಮ್ಮೆ ತೆಳುವಾಗಿ ಡೆವಲಪರ್ ಹೊಡೆಯುತ್ತೇವೆ. ಬಿರುಕಿದ್ದರೆ ಅದೇ ಜಾಗದಲ್ಲಿ ಕೆಂಪು ಮತ್ತೆ ಒಸರುತ್ತದೆ. ಸುಮ್ನೆ ಉಳಿದ ಬಣ್ಣವಾದರೆ ಮಸುಕಾಗುತ್ತದೆ. ಅನುಮಾನ ಉಳಿದರೆ ಬೋಲ್ಟ್ ಗುಜರಿಗೆ, ಅಷ್ಟೇ.

ಫಲಿತಾಂಶದ ಅರ್ಧ ಭಾಗ ತೊಳೆಯುವುದರಲ್ಲೇ ಇದೆ. ಬಿರುಕಿನೊಳಗೆ ಗ್ರೀಸ್ ತುಂಬಿದ್ದರೆ ಬಣ್ಣ ಹೋಗುವುದಾದರೂ ಎಲ್ಲಿಗೆ? ಮೊದಲು ಸೀಮೆಎಣ್ಣೆ, ಆಮೇಲೆ ಕಿಟ್‌ನ ಕ್ಲೀನರ್, ಪೂರ್ತಿ ಒಣಗಿದ ಮೇಲೆ ಪೆನಿಟ್ರಂಟ್. ಶಾಟ್ ಬ್ಲಾಸ್ಟ್ (ಸಣ್ಣ ಗುಂಡುಗಳನ್ನು ರಭಸವಾಗಿ ಹೊಡೆದು ಉಜ್ಜುವುದು) ಮಾಡಿಸಬೇಡಿ, ಬಿರುಕಿನ ಬಾಯಿ ಮುಚ್ಚಿಹೋಗಬಹುದು. ಪೆನಿಟ್ರಂಟ್ ಹೊಡೆದು 10-15 ನಿಮಿಷ ಬಿಟ್ಟು, ಕ್ಲೀನರ್ ಹಚ್ಚಿದ ಬಟ್ಟೆಯಿಂದ ಒರೆಸಿ. ಬೋಲ್ಟ್ ಮೇಲೆ ನೇರವಾಗಿ ಕ್ಲೀನರ್ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದು ಹೋಗುತ್ತದೆ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಸೈಟ್‌ನಲ್ಲೇ ನೋಡುವುದಾದರೆ ಬೆಳಿಗ್ಗೆ, ನೆರಳಿನಲ್ಲಿ ಮಾಡಿ. ಬಿಸಿಲಿಗೆ ಕಬ್ಬಿಣ 50 ಡಿಗ್ರಿ ದಾಟಿದರೆ ಬಣ್ಣ ಒಳಗಿಳಿಯುವ ಮೊದಲೇ ಒಣಗುತ್ತದೆ.

ಸಣ್ಣ ಬಿರುಕಿಗೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂತ ಗಿರಾಕಿಗಳು ಕೇಳುತ್ತಾರೆ. ಬಿರುಕು ಒಂದೇ ವೇಗದಲ್ಲಿ ಬೆಳೆಯುವುದಿಲ್ಲವಲ್ಲ, ಅದಕ್ಕೆ. ಆಳ ನಾಲ್ಕು ಪಟ್ಟಾದರೆ ತುದಿಯಲ್ಲಿನ ಒತ್ತಡದ ತೀವ್ರತೆ ಸುಮಾರು ಎರಡು ಪಟ್ಟಾಗುತ್ತದೆ. ಪಾಲ್ ಪ್ಯಾರಿಸ್ ಅವರ ಸೂತ್ರದಂತೆ ಬಿರುಕು ಬೆಳೆಯುವ ವೇಗ ಆ ತೀವ್ರತೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಸ್ಟೀಲ್‌ಗೆ ಆ ಘಾತ ಸಾಮಾನ್ಯವಾಗಿ 3ರ ಆಸುಪಾಸು. ಅಂದರೆ ವೇಗ 2×2×2, ಎಂಟು ಪಟ್ಟು! ಈ ಸೀಸನ್ ತಡೆದುಕೊಂಡ ಬೋಲ್ಟ್ ಮುಂದಿನ ಸೀಸನ್ ಮಧ್ಯದಲ್ಲೇ ಮುರಿಯಬಹುದು.

ಒಂದು ಕಪ್ಲಿಂಗ್‌ನಲ್ಲಿ ಒಂದೇ ಬೋಲ್ಟ್‌ಗೆ ಬಿರುಕು ಕಂಡರೂ ನಾವು ಇಡೀ ಸೆಟ್ ಬದಲಿಸಲು ಹೇಳುತ್ತೇವೆ. ಬಿರುಕುಬಿಟ್ಟದ್ದು ಸಡಿಲಾಗಿ ಅದರ ಭಾರ ಪಕ್ಕದವುಗಳ ಮೇಲೆ ಬಿದ್ದಿರುತ್ತದೆ. ಸರಿಯಾಗಿ ಬಿಗಿ ಮಾಡಿದ ಬೋಲ್ಟ್‌ಗೆ ಏರಿಳಿಯುವ ಭಾರದ ಸಣ್ಣ ಪಾಲು ಮಾತ್ರ ತಲುಪುತ್ತದೆ. ಸಡಿಲಾದರೆ ಆ ರಕ್ಷಣೆ ಹೋಯಿತು. ಹೊಸ ಸೆಟ್ ಹಾಕುವಾಗ ಟಾರ್ಕ್ ಪಾನಾ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಬಳಸಿ.

ಜಿಂಕ್ ಪ್ಲೇಟಿಂಗ್ ಮಾಡಿದ 12.9 ದರ್ಜೆಯ (ಬಹಳ ಗಟ್ಟಿ ಸ್ಟೀಲಿನ) ಬೋಲ್ಟ್ ಬಿಗಿ ಮಾಡಿದ ಕೆಲವು ಗಂಟೆ ಅಥವಾ ದಿನಗಳ ಮೇಲೆ ತಾನಾಗಿಯೇ ಮುರಿದರೆ ಪ್ಲೇಟಿಂಗ್ ವೇಳೆ ಸ್ಟೀಲ್ ಒಳಗೆ ಸೇರಿ ಅದನ್ನು ಪೆಡಸು ಮಾಡುವ ಹೈಡ್ರೋಜನ್ ಮೇಲೆ ಅನುಮಾನ ಪಡಿ. ಹಾಕುವ ಮೊದಲು ಅದರಲ್ಲಿ ಬಿರುಕೇ ಇರುವುದಿಲ್ಲ. ಕಿಟ್ ಏನು ತೋರಿಸಬೇಕು?

ಕಿಟ್ ಬಗ್ಗೆ ನನ್ನ ದೂರು ಡೆವಲಪರ್ ಡಬ್ಬಿಯದು. ಪುಡಿ ತಳಕ್ಕೆ ಕೂತು ನಾಜಲ್ ಕಟ್ಟಿಕೊಳ್ಳುತ್ತದೆ. ಒಳಗಿನ ಗುಂಡು ಸದ್ದು ಮಾಡುವವರೆಗೆ ಅಲ್ಲಾಡಿಸಿ. ಕೆಲಸ ಮುಗಿದ ಮೇಲೆ ಡಬ್ಬಿ ತಲೆಕೆಳಗು ಹಿಡಿದು ಬರೀ ಗ್ಯಾಸ್ ಬರುವವರೆಗೆ ಒತ್ತಿ. ಕೊಳ್ಳುವಾಗ ತಯಾರಾದ ತಿಂಗಳು ನೋಡಿ.

ಸಣ್ಣ ಎಂ12 (12 ಮಿ.ಮೀ. ದಪ್ಪದ) ಬೋಲ್ಟ್‌ಗಳಿಗೆ ಇದನ್ನು ಖರ್ಚು ಮಾಡಬೇಡಿ, ಹೊಸದೇ ಅಗ್ಗ. ದಪ್ಪ ಸ್ಟಡ್‌ಗಳು ಜಾಸ್ತಿ ಬರುವವರು ಮ್ಯಾಗ್ನೆಟಿಕ್ ಯೋಕ್ (ಬೋಲ್ಟನ್ನು ಅಯಸ್ಕಾಂತವಾಗಿಸುವ ಸಾಧನ), ಬಿರುಕಿನ ಬಾಯಿಗೆ ಅಂಟುವ ಕಬ್ಬಿಣದ ಕಣಗಳಿರುವ ಫ್ಲೋರೆಸೆಂಟ್ ದ್ರಾವಣ, ಆ ಕಣಗಳು ಹೊಳೆಯಲು ಯುವಿ ಲೈಟ್ ಕೊಳ್ಳಿ. ಯೋಕ್‌ನ ಕಾಂತಕ್ಷೇತ್ರ ಬೋಲ್ಟ್‌ನ ಉದ್ದಕ್ಕೆ ಹರಿಯುವಂತೆ ಇಟ್ಟರೆ ಥ್ರೆಡ್ ಬುಡದ ಅಡ್ಡ ಬಿರುಕು ಚೆನ್ನಾಗಿ ಕಾಣುತ್ತದೆ. ಆದರೆ 304, 316 ಸ್ಟೇನ್‌ಲೆಸ್ ಬೋಲ್ಟ್‌ಗಳಲ್ಲಿ ಯೋಕ್ ನಡೆಯುವುದಿಲ್ಲ, ಅವು ಅಯಸ್ಕಾಂತಕ್ಕೆ ಹೆಚ್ಚೂಕಡಿಮೆ ಅಂಟುವುದಿಲ್ಲ. ಅವಕ್ಕಾಗಿ ನಾನು ಈ ಕಿಟ್ಟನ್ನೇ ಮತ್ತೆ ಕೊಳ್ಳುತ್ತೇನೆ.